ಅಳುತ್ತ ಸಹಿ ಹಾಕುವ ಅಧ್ಯಕ್ಷರು

ಅಮೆರಿಕದ ಸಜ್ಜನರಿಗೆ ಸದಾ ಇಬ್ಬರು ಅಧ್ಯಕ್ಷರು. ಒಬ್ಬರು ಚುನಾವಣೆ ಗೆದ್ದು ಬಂದವರು, ನಾಲ್ಕು ವರ್ಷ ಸಹಿಸಿಕೊಳ್ಳಲೇಬೇಕು. ಇನ್ನೊಬ್ಬರು ಜೊಸಯಾ ಬಾರ್ಟ್ಲೆಟ್. ಇವರನ್ನು ಯಾರೂ ಆರಿಸಬೇಕಿಲ್ಲ, ರಿಮೋಟ್ ಒತ್ತಿದರೆ ಸಾಕು. 1999ರಿಂದ 2006ರವರೆಗೆ ಎನ್‌ಬಿಸಿಯಲ್ಲಿ ಏಳು ಸೀಸನ್ ಓಡಿದ ‘ದಿ ವೆಸ್ಟ್ ವಿಂಗ್’ ಧಾರಾವಾಹಿಯ ಈ ಅಧ್ಯಕ್ಷರು ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದವರು, ಬೈಬಲ್ ಬಾಯಿಪಾಠ ಇರುವವರು, ಸಿಟ್ಟು ಬಂದರೆ ದೇವರನ್ನು ಲ್ಯಾಟಿನ್‌ನಲ್ಲೇ ಬೈಯುವವರು. ಶ್ವೇತಭವನದ ಅಸಲಿ ನಿವಾಸಿ ತಲೆನೋವಾದಾಗಲೆಲ್ಲ ಜನ ಮೊದಲ ಕಂತಿನಿಂದ ಮತ್ತೆ ಶುರು ಮಾಡುತ್ತಾರೆ. ನಾನೂ ಅವರಲ್ಲೊಬ್ಬ. ನನಗೆ ಅಲ್ಲಿ ಮತವಿಲ್ಲ ನಿಜ, ಆದರೆ ತಲೆನೋವಿಗೆ ಮತದಾರರ ಚೀಟಿ ಯಾರು ಕೇಳುತ್ತಾರೆ?

ಮೊದಲ ಸಲ ನೋಡುವಾಗ ಮಾತಿನ ವೇಗಕ್ಕೇ ಸೋತುಬಿಡುತ್ತೇವೆ. ಏರನ್ ಸಾರ್ಕಿನ್ ಬರೆದ ಪಾತ್ರಗಳು ಕಾರಿಡಾರಿನಲ್ಲಿ ಸರಸರ ನಡೆಯುತ್ತಲೇ ದೇಶದ ಭವಿಷ್ಯ ಚರ್ಚಿಸುತ್ತವೆ. ಸರ್ಕಾರಿ ಕಚೇರಿಯಲ್ಲಿ ನೌಕರರು ಅಷ್ಟು ಬೇಗ ನಡೆಯುವುದೇ ನಮ್ಮವರಿಗೆ ಪುರಾಣಕ್ಕಿಂತ ದೊಡ್ಡ ಪವಾಡ. ಮರಳಿ ನೋಡುವಾಗ ವೇಗ ರೂಢಿಯಾಗಿರುತ್ತದೆ, ಆಗ ಧರ್ಮಸಂಕಟದ ಕಟ್ಟುಕ್ರಮ ಕಣ್ಣಿಗೆ ಬೀಳುತ್ತದೆ. ಸಂಕಟ ಬಂತು. ಅಧ್ಯಕ್ಷರು ನಿದ್ದೆಗೆಟ್ಟರು. ನಾಲ್ವರು ಬಂದು ನಾಲ್ಕು ಒಳ್ಳೆಯ ವಾದ ಮಂಡಿಸಿದರು. ಹಿನ್ನೆಲೆಯಲ್ಲಿ ಪಿಟೀಲು. ಕೊನೆಗೆ, ಸಂಕಟವೆಂದರೇನೆಂದೇ ಗೊತ್ತಿಲ್ಲದ ಒರಟನೊಬ್ಬ ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸವನ್ನೇ ಇವರು ಒದ್ದೆಗಣ್ಣಲ್ಲಿ ಮಾಡಿ ಮುಗಿಸಿದರು.

2000ದ ಫೆಬ್ರವರಿಯಲ್ಲಿ ಬಂದ ‘ಟೇಕ್ ದಿಸ್ ಸಬ್ಬತ್ ಡೇ’ ಕಂತನ್ನೇ ನೋಡಿ. ಸೈಮನ್ ಕ್ರೂಜ್ ಎಂಬ ಮರಣದಂಡನೆಯ ಕೈದಿಯ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಸಬ್ಬತ್ ದಿನ ಸರ್ಕಾರ ಯಾರನ್ನೂ ಕೊಲ್ಲುವುದಿಲ್ಲ, ಅಷ್ಟರಮಟ್ಟಿಗೆ ಅದು ದೈವಭಕ್ತ. ಹಾಗಾಗಿ ಭಾನುವಾರ ನಡುರಾತ್ರಿಯವರೆಗೆ ಬಾರ್ಟ್ಲೆಟ್‌ಗೆ ಪುರಸೊತ್ತಿದೆ. ಶಿಕ್ಷೆ ಇಳಿಸಲು ಅವರ ಒಂದು ಸಹಿ ಸಾಕು. ಯಹೂದಿ ಗುರು ರಬ್ಬಿಯ ಪ್ರವಚನ ಕೇಳಿ ಕಲಕಿಹೋದ, ಅಧ್ಯಕ್ಷರ ಸಿಬ್ಬಂದಿಯ ಟೋಬಿ ಬರುತ್ತಾನೆ. ಕ್ವೇಕರ್ ಪಂಥದ ಜೋಯಿ ಲೂಕಸ್ ಬರುತ್ತಾಳೆ. ಕೊನೆಗೆ ಅಧ್ಯಕ್ಷರು ತಮ್ಮ ಹಳೆಯ ಪಾದ್ರಿಯನ್ನೇ ಕರೆಸಿಕೊಳ್ಳುತ್ತಾರೆ. ಪಾದ್ರಿಯ ಪಾತ್ರದಲ್ಲಿ ಕಾರ್ಲ್ ಮಾಲ್ಡನ್. ಪ್ರವಾಹದಲ್ಲಿ ಸಿಕ್ಕಿಕೊಂಡವನೊಬ್ಬ ರೇಡಿಯೊ ಎಚ್ಚರಿಕೆ, ದೋಣಿ, ಹೆಲಿಕಾಪ್ಟರ್ ಎಲ್ಲವನ್ನೂ ವಾಪಸು ಕಳಿಸಿ, ದೇವರೇ ಬರಲಿ ಎಂದು ಕಾದು ಮುಳುಗಿದ ಕತೆಯನ್ನು ಅವರು ಹೇಳುತ್ತಾರೆ. ನಿನ್ನ ಬಳಿಗೂ ದೇವರು ರಬ್ಬಿ, ಕ್ವೇಕರ್, ಪಾದ್ರಿ ಮೂವರನ್ನೂ ಅಟ್ಟಿದ್ದನಲ್ಲ, ಇನ್ನೇನು ಬೇಕಿತ್ತಪ್ಪಾ ಎನ್ನುವುದು ಕತೆಯೊಳಗಿನ ಏಟು. ಅಷ್ಟರಲ್ಲಿ ಕೈದಿ ಸತ್ತನೆಂದು ಚೀಟಿ ಬರುತ್ತದೆ. ಅಧ್ಯಕ್ಷರು ಮಂಡಿಯೂರಿ ಪಾಪನಿವೇದನೆಗೆ ಕೂರುತ್ತಾರೆ.

ನಾವು ಕಣ್ಣೊರೆಸಿಕೊಳ್ಳುತ್ತೇವೆ. ಯಾರಿಗಾಗಿ? ಕ್ರೂಜ್‌ನ ಮುಖವನ್ನು ನೆನಪಿಸಿಕೊಳ್ಳಿ ನೋಡೋಣ. ಆಗುವುದಿಲ್ಲ. ನೆನಪಿರುವುದು ಬಾರ್ಟ್ಲೆಟ್ ಪಾತ್ರಧಾರಿ ಮಾರ್ಟಿನ್ ಶೀನ್ ಅವರ ನೊಂದ ಮುಖ. ಶೀನ್ ಅವರೋ, ನಿಜಜೀವನದಲ್ಲಿ ಮರಣದಂಡನೆಯ ಬದ್ಧ ವಿರೋಧಿ, ಪ್ರತಿಭಟನೆಗಳಲ್ಲಿ ಎಷ್ಟೋ ಸಲ ಬಂಧನಕ್ಕೊಳಗಾದವರು. ಆ ಇಡೀ ಶ್ವೇತಭವನದಲ್ಲಿ ಕೈದಿಯನ್ನು ಉಳಿಸಬಹುದಾಗಿದ್ದ ಮನುಷ್ಯ ಅಧ್ಯಕ್ಷರ ವೇಷದೊಳಗೇ ಕೂತಿದ್ದ, ಸ್ಕ್ರಿಪ್ಟ್ ಬಿಡಲಿಲ್ಲ.

ಅಸಲಿ ರಾಜಕಾರಣದಲ್ಲಿ ಇಷ್ಟು ಶೃಂಗಾರ ಇರುವುದಿಲ್ಲ. 1992ರ ಜನವರಿಯಲ್ಲಿ ಅರ್ಕಾನ್ಸಾ ರಾಜ್ಯಪಾಲ ಬಿಲ್ ಕ್ಲಿಂಟನ್ ನ್ಯೂ ಹ್ಯಾಂಪ್‌ಶೈರಿನ ಪ್ರಚಾರ ಬಿಟ್ಟು ತಮ್ಮ ರಾಜ್ಯಕ್ಕೆ ಮರಳಿದರು. ರಿಕಿ ರೇ ರೆಕ್ಟರ್ ಎಂಬ ಕೈದಿಯ ಮರಣದಂಡನೆ ನಡೆಯುವಾಗ ಅವರು ಊರಲ್ಲಿರಬೇಕಿತ್ತು. ತಲೆಗೆ ತಾನೇ ಗುಂಡು ಹಾರಿಸಿಕೊಂಡು ಮಿದುಳು ಹಾನಿಯಾಗಿದ್ದ ಆ ಮನುಷ್ಯ ಕೊನೆಯ ಊಟದ ಪೆಕನ್ ಪೈಯನ್ನು ಆಮೇಲೆ ತಿನ್ನೋಣವೆಂದು ಎತ್ತಿಟ್ಟಿದ್ದ. ಪಿಟೀಲು ಯಾರೂ ನುಡಿಸಲಿಲ್ಲ. ಅದೇ ವರ್ಷ ಕ್ಲಿಂಟನ್ ಗೆದ್ದರು.

ಇನ್ನು ಕುಮಾರ್. ಇದು ಯಾರ ಹೆಸರೂ ಅಲ್ಲ, ಪರ್ಷಿಯನ್ ಕೊಲ್ಲಿಯ ಬದಿಯಲ್ಲಿ ಸಾರ್ಕಿನ್ ಹುಟ್ಟಿಸಿದ ತೈಲದೇಶ. ಅಲ್ಲಿ ಹೆಂಗಸರನ್ನು ಹಿಂಸಿಸುತ್ತಾರೆ, ಅಂಥವರಿಗೆ ಆಯುಧ ಮಾರುತ್ತೇವಲ್ಲ ಎಂದು ಪತ್ರಿಕಾ ಕಾರ್ಯದರ್ಶಿ ಸಿ.ಜೆ. ಒಂದು ಕಂತಿನುದ್ದಕ್ಕೂ ಕೆಂಡವಾಗುತ್ತಾಳೆ. ಭದ್ರತಾ ಸಲಹೆಗಾರ್ತಿಯ ಮುಂದೆ ಸ್ಫೋಟಿಸುತ್ತಾಳೆ. ಆಮೇಲೆ ತುಟಿ ಸರಿಪಡಿಸಿಕೊಂಡು ಮೈಕಿನ ಮುಂದೆ ನಿಂತು ಅದೇ ಆಯುಧ ಮಾರಾಟವನ್ನು ಚೆಂದವಾಗಿ ಪ್ರಕಟಿಸುತ್ತಾಳೆ. ಎಂಥ ಆತ್ಮಸಾಕ್ಷಿ ಎಂದು ನಾವು ತಲೆದೂಗುತ್ತೇವೆ. ಆಯುಧಗಳಿಗೂ ಅವಳ ಕೋಪಕ್ಕೂ ಏನೂ ತಕರಾರಿಲ್ಲ, ಎರಡೂ ತಮ್ಮ ತಮ್ಮ ಜಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪುತ್ತವೆ.

2002ರ ಮೇ ತಿಂಗಳಲ್ಲಿ ಮೂರನೇ ಸೀಸನ್ ಮುಗಿಯುವಾಗ ಕುಮಾರಿನ ರಕ್ಷಣಾ ಸಚಿವ ಅಬ್ದುಲ್ ಶರೀಫ್ ಭಯೋತ್ಪಾದಕ ಸಂಚಿನ ಸೂತ್ರಧಾರನೆಂದು ಗೊತ್ತಾಗಿರುತ್ತದೆ. ರಾಜತಾಂತ್ರಿಕ ರಕ್ಷಣೆ ಇರುವವನು, ಕೋರ್ಟಿಗೆ ತರುವಂತಿಲ್ಲ. ರಾಜಕೀಯ ಹತ್ಯೆ ಕೂಡದೆಂದು 1976ರಲ್ಲೇ ಅಧ್ಯಕ್ಷ ಫೋರ್ಡ್ ಆದೇಶ ಹೊರಡಿಸಿದ್ದರು. ಅವನನ್ನು ಕೊಲ್ಲಿಸುವುದು ತಪ್ಪು ಎಂದು ಬಾರ್ಟ್ಲೆಟ್ ಹೇಳುತ್ತಾರೆ. ತಪ್ಪೇ ಎಂದು ಆಪ್ತ ಲಿಯೋ ಒಪ್ಪುತ್ತಾನೆ. ಇಬ್ಬರೂ ಒಪ್ಪಿದ ಮೇಲೆ, ಸಹಜವಾಗಿಯೇ, ತಪ್ಪನ್ನು ಮಾಡುತ್ತಾರೆ. ವಿಮಾನ ಕೆಟ್ಟಿದೆಯೆಂಬ ನೆಪದಲ್ಲಿ ಬರ್ಮುಡಾದ ಒಂದು ಏರ್‌ಸ್ಟ್ರಿಪ್‌ನಲ್ಲಿ ಇಳಿಸಿ ಶರೀಫ್‌ನನ್ನು ಗುಂಡಿಕ್ಕಿ ಮುಗಿಸುತ್ತಾರೆ. ಆ ಹೊತ್ತಿಗೆ ಅಧ್ಯಕ್ಷರು ನ್ಯೂಯಾರ್ಕಿನ ರಂಗಮಂದಿರದಲ್ಲಿ ಇಂಗ್ಲೆಂಡಿನ ರಾಜರ ಕಾಳಗದ ನಾಟಕ ನೋಡುತ್ತಿರುತ್ತಾರೆ. ಮೇಲೆ ಮೇಳಗಾನ, ಕೆಳಗೆ ಕೊಲೆ. ಇಷ್ಟು ಸುಸಂಸ್ಕೃತ ಹತ್ಯೆಯನ್ನು ಕಿರುತೆರೆ ಅದಕ್ಕೆ ಮುಂಚೆ ಕಂಡಿರಲಾರದು.

2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೇಮಾನಿಯನ್ನು ಅಮೆರಿಕದ ಡ್ರೋನ್ ಕೊಂದಿತು. ಆದೇಶ ಡೊನಾಲ್ಡ್ ಟ್ರಂಪ್ ಅವರದ್ದು. ಬಾರ್ಟ್ಲೆಟ್ ಭಕ್ತರು ಕೆರಳಿದರು: ಇದು ಕಾನೂನೇ, ಇದು ನೀತಿಯೇ? ನ್ಯಾಯವಾದ ಪ್ರಶ್ನೆಯೇ. ಆದರೆ ವಿದೇಶಿ ಅಧಿಕಾರಿ, ವಿಮಾನ ನಿಲ್ದಾಣ, ಗುಪ್ತ ಆದೇಶ ಎಲ್ಲ ಅವೇ. ಅಳಿಯ ಅಲ್ಲ, ಮಗಳ ಗಂಡ. ಟ್ರಂಪ್ ಮಾಡಿದ ದೊಡ್ಡ ಅಪರಾಧವೆಂದರೆ ಆ ರಾತ್ರಿ ದುಃಖಿಸದೇ ಇದ್ದದ್ದು.

ದುಃಖಿಸಬಲ್ಲ ಅಧ್ಯಕ್ಷರೂ ಇದ್ದರು. ಡ್ರೋನ್‌ಗಳು ಯಾರನ್ನು ಕೊಲ್ಲಬೇಕೆಂಬ ಪಟ್ಟಿಗೆ ಬರಾಕ್ ಒಬಾಮಾ ಖುದ್ದು ಒಪ್ಪಿಗೆ ಕೊಡುತ್ತಾರೆ, ಯುದ್ಧದ ಬಗ್ಗೆ ಅಗಸ್ಟೀನ್ ಮತ್ತು ಥಾಮಸ್ ಅಕ್ವಿನಾಸ್ ಬರೆದದ್ದನ್ನು ಅವರು ಓದಿಕೊಂಡಿದ್ದಾರೆ ಎಂದು ‘ದಿ ನ್ಯೂಯಾರ್ಕ್ ಟೈಮ್ಸ್’ 2012ರ ಮೇ ತಿಂಗಳಲ್ಲಿ ವರದಿ ಮಾಡಿತು. ಹದಿಮೂರನೇ ಶತಮಾನದ ಸಂತನನ್ನು ಓದಿಕೊಂಡವರ ಡ್ರೋನ್‌ನಿಂದ ಸಾಯುವುದು ಯೆಮೆನ್‌ನ ಹಳ್ಳಿಗರಿಗೆ ಎಷ್ಟು ಸಮಾಧಾನ ತಂದಿತೋ, ಅವರನ್ನು ಕೇಳಿದವರಿಲ್ಲ.

ಬಾರ್ಟ್ಲೆಟ್ ತಮ್ಮ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯನ್ನು ದೇಶದಿಂದ ಮುಚ್ಚಿಟ್ಟ ಪ್ರಸಂಗವೂ ಇದೆ. ಸುಳ್ಳು ಹೊರಬಿತ್ತು, ಕಾಂಗ್ರೆಸ್ ಖಂಡನಾ ನಿರ್ಣಯ ಮಾಡಿತು, ಜನ ಮತ್ತೆ ಗೆಲ್ಲಿಸಿದರು. ಸುಳ್ಳು ಹೇಳಿದವರು ಅಷ್ಟು ಚೆನ್ನಾಗಿ ಪಶ್ಚಾತ್ತಾಪ ಪಟ್ಟರೆ ನಿಜ ಹೇಳಿದವರಿಗೇ ನಾಚಿಕೆಯಾಗಬೇಕು.

ಭಕ್ತರಿಗೆ ಅಸಲಿ ತೊಂದರೆ ಕೊಟ್ಟವರು ಜೋ ಬೈಡನ್. 2024ರ ಡಿಸೆಂಬರ್ ಮೊದಲ ದಿನ ಅವರು ತಮ್ಮ ಮಗನಿಗೇ ಕ್ಷಮಾದಾನ ಕೊಟ್ಟರು. ಛೇ, ಬಾರ್ಟ್ಲೆಟ್ ಹೀಗೆ ಮಾಡುತ್ತಿದ್ದರೇ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ, ಅದೇ ತಿಂಗಳು, ಫೆಡರಲ್ ಮರಣದಂಡನೆಯ ಸಾಲಿನಲ್ಲಿದ್ದ 40 ಮಂದಿಯಲ್ಲಿ 37 ಜನರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಬಾರ್ಟ್ಲೆಟ್ ಒಬ್ಬನಿಗೆ ಮಾಡಲಾಗದ್ದನ್ನು, ವಾಕ್ಯದ ನಡುವೆ ದಾರಿ ತಪ್ಪುತ್ತಿದ್ದ ಈ ಮುದುಕರು 37 ಜನರಿಗೆ ಮಾಡಿದರು. ಲ್ಯಾಟಿನ್ ಇಲ್ಲ, ಮಂಡಿಯೂರಿದ ದೃಶ್ಯವಿಲ್ಲ. ಧಾರಾವಾಹಿ ಮಾಡಲು ಬರುವಂಥದ್ದೇನೂ ಅದರಲ್ಲಿರಲಿಲ್ಲ.

ಈ ಶ್ವೇತಭವನದ ಸಂಕಟದಲ್ಲಿ ನಮಗೂ ಪಾಲಿದೆ. ಕಾರ್ಗಿಲ್ ಮುಗಿದ ಬೆನ್ನಿಗೇ, 2000ದ ಜನವರಿಯಲ್ಲಿ ಬಂದ ಕಂತಿನಲ್ಲಿ ಭಾರತದ ಸೇನೆ ಕಾಶ್ಮೀರದಲ್ಲಿ ಗಡಿ ದಾಟುತ್ತದೆ. ನೊಬೆಲ್ ಪಡೆದ ಅಧ್ಯಕ್ಷರು ನಮ್ಮನ್ನು ಅರ್ಥ ಮಾಡಿಕೊಳ್ಳಲು ಕರೆಸುವುದು ಒಬ್ಬ ಕುಡುಕ ಇಂಗ್ಲಿಷ್ ಲಾರ್ಡನ್ನು. ನೂರು ಕೋಟಿ ಜನರ ನಾಡಿಮಿಡಿತ ಬಲ್ಲವರು ಬೇಕೆಂದರೆ ವಾಷಿಂಗ್ಟನ್ನಿಗೆ ಲಂಡನ್ ಬಿಟ್ಟು ಬೇರೆ ಊರು ತೋಚುವುದಿಲ್ಲ.

2004ರ ‘ಟಾಕಿಂಗ್ ಪಾಯಿಂಟ್ಸ್’ ಕಂತು ಇನ್ನೂ ಹತ್ತಿರದ್ದು. ವ್ಯಾಪಾರ ಒಪ್ಪಂದವೊಂದರಿಂದ 17,000 ಅಮೆರಿಕನ್ ಪ್ರೋಗ್ರಾಮರುಗಳ ಕೆಲಸ ಭಾರತಕ್ಕೆ ಹೋಗಲಿದೆಯೆಂದು ಅಧ್ಯಕ್ಷರ ಸಹಾಯಕ ಜಾಶ್ ಲೈಮನ್‌ಗೆ ಗೊತ್ತಾಗುತ್ತದೆ. ಕಾರ್ಮಿಕ ಸಂಘಕ್ಕೆ ಮಾತು ಕೊಟ್ಟಿದ್ದವನು ಅವನೇ. ಕಂತಿಡೀ ಒದ್ದಾಡುತ್ತಾನೆ, ಒಪ್ಪಂದವೇನೂ ನಿಲ್ಲುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಈ ಧಾರಾವಾಹಿಯ ಅಭಿಮಾನಿಗಳಿಗೆ ಬರವಿಲ್ಲ, ಬಹುಪಾಲು ಐಟಿಯವರೇ. ಅಮೆರಿಕದ ಕ್ಲೈಂಟ್ ಕಾಲ್ ಮುಗಿಸಿ, ಹೆಡ್‌ಫೋನ್ ಕೂಡ ಕಳಚದೆ, ನಡುರಾತ್ರಿ ಈ ಕಂತು ಹಾಕಿಕೊಂಡು ಕೂರುತ್ತಾರೆ. ಪಾಪ ಜಾಶ್, ಎಷ್ಟು ನೊಂದುಕೊಂಡ ಎಂದು ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಆ 17,000ದಲ್ಲಿ ತಮ್ಮ ಪಾಲಿಗೆ ಬಂದ ಕೋಡ್ ಬರೆಯಲು ಲಾಗಿನ್ ಆಗುತ್ತಾರೆ.