ಶ್ಶ್... ಭಾವ ರೆಕಾರ್ಡಿಂಗಿನಲ್ಲಿದ್ದಾರೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಈಚೆಗೆ ಒಂದು ಹೊಸ ಜಾತಿಯ ನಿವೃತ್ತರು ಹೆಚ್ಚುತ್ತಿದ್ದಾರೆ. ಹಿಂದಿನವರು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ, ಬೈಟು ಕಾಫಿ ಕುಡಿದು, ಪತ್ರಿಕೆಗೆ ಒಂದು ಪತ್ರ ಬರೆದು ಸುಮ್ಮನಾಗುತ್ತಿದ್ದರು. ಇವರು ಸುಮ್ಮನಾಗುವುದಿಲ್ಲ, ನಮ್ಮನ್ನು ಸುಮ್ಮನಿರಿಸುತ್ತಾರೆ. ಮಗ ಬಿಟ್ಟುಹೋದ ಹಳೇ ಕಂಪ್ಯೂಟರು, ಒಂದು ಮೈಕು, ಪುಕ್ಕಟೆ ಸಾಫ್ಟ್‌ವೇರು ಇದ್ದರೆ ಸಾಕು, ಮನೆಯೇ ಸ್ಟುಡಿಯೋ. ಹೆಂಡತಿ, ನೆಂಟರು, ಫ್ಯಾನು, ಫ್ರಿಜ್ಜು ಎಲ್ಲರೂ ಸಂಬಳವಿಲ್ಲದ ಸಿಬ್ಬಂದಿ.

ಯಾರೋ ದೂರದವರನ್ನು ನೋಡಿ ಬರೆದೆ ಅನ್ನಬಹುದಿತ್ತು. ಆದರೆ ಇದನ್ನು ಅಕ್ಕ ಓದುತ್ತಾಳೆ. ಹೌದು, ನಮ್ಮ ಭಾವನೇ.

ಭಾವನಿಗೆ ಈ ಹುಚ್ಚು ಹಿಡಿದದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಅದರೊಳಗೆ ಸೌಂಡ್ ರೆಕಾರ್ಡರ್ ಎಂಬ ಪುಟ್ಟ ಪೆಟ್ಟಿಗೆಯಿತ್ತು. ಕೆಂಪು ಗುಂಡಿ ಒತ್ತಿ ಮಾತಾಡಿದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೆರೆ ಕುಣಿಯುತ್ತಿತ್ತು. ಅರವತ್ತು ಸೆಕೆಂಡಿಗೆ ನಿಂತುಬಿಡುತ್ತಿತ್ತು. ಪೀಠಿಕೆಗೇ ಐದು ನಿಮಿಷ ಬೇಕಾದ ಮನುಷ್ಯನಿಗೆ ಅರವತ್ತು ಸೆಕೆಂಡು ಎಲ್ಲಿಗೆ ಸಾಕು? ಯಾರೋ ಒಂದು ಉಪಾಯ ಹೇಳಿಕೊಟ್ಟರು: ಮೊದಲು ಏನೂ ಮಾತಾಡದೆ ಖಾಲಿ ನಿಮಿಷವೊಂದನ್ನು ಮುದ್ರಿಸಿ, ಎಫೆಕ್ಟ್ಸ್ ಪಟ್ಟಿಯಲ್ಲಿ ವೇಗ ತಗ್ಗಿಸುವ ಆಯ್ಕೆ ಒತ್ತಿದರೆ ಅದು ಎರಡು ನಿಮಿಷವಾಗುತ್ತದೆ, ಮತ್ತೆ ಒತ್ತಿದರೆ ನಾಲ್ಕು. ಆ ಖಾಲಿಯ ಮೇಲೆ ಬೇಕಾದಷ್ಟು ಮಾತಾಡಬಹುದು. ಹೀಗೆ ಮೌನವನ್ನು ಎಳೆದೆಳೆದು ಉದ್ದ ಮಾಡುವ ಚಟ ಭಾವನಿಗೆ ಅಂದೇ ಅಂಟಿತು.

ಆಮೇಲೆ ಆಡಾಸಿಟಿ ಬಂತು. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜ್ಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿ, 2000ದಲ್ಲಿ ಜನರ ಕೈಗೆ ಪುಕ್ಕಟೆಯಾಗಿ ಕೊಟ್ಟ ತಂತ್ರಾಂಶ ಅದು. ಇದು ನನಗೆ ಗೊತ್ತಿರುವುದು ಭಾವ ಮದುವೆಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ, ಒಂದು ಸಲ ಹನ್ನೊಂದನೇ ದಿನದ ಕಾರ್ಯದಲ್ಲೂ ಹೇಳಿರುವುದರಿಂದ. ಆ ಇಬ್ಬರೂ ತಮ್ಮ ಜೊತೆ ಮಹಾರಾಜಾ ಕಾಲೇಜಿನಲ್ಲಿ ಓದಿದವರೇನೋ ಎಂಬ ಧಾಟಿ. "ಒಂದು ಪೈಸೆ ಕೊಟ್ಟಿಲ್ಲ ಕಣಯ್ಯ" ಎಂದು ಕೊನೆಗೊಮ್ಮೆ ಸೇರಿಸುತ್ತಾರೆ. ದನಿಯ ತುದಿ ಮೈನಸ್ ಆರು ಡೆಸಿಬಲ್ ದಾಟಬಾರದು, ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಹಾಗೆ ಹೋದದ್ದು ಹಾಗೇ ವಾಪಸು ಬರುವುದಿಲ್ಲ ಎಂಬುದು ಅವರ ಮಟ್ಟಿಗೆ ಧರ್ಮಸೂಕ್ಷ್ಮ. ಅಕ್ಕ ಸಿಟ್ಟಿನಿಂದ ಕೂಗಾಡಿದರೆ ಜಗಳಕ್ಕೆ ಬರುವುದಿಲ್ಲ, "ನೀನು ಕ್ಲಿಪ್ ಆಗ್ತಿದೀಯ" ಅನ್ನುತ್ತಾರೆ.

ಇಷ್ಟೆಲ್ಲ ಯಾತಕ್ಕೆಂದರೆ, ಕುಮಾರವ್ಯಾಸ ಭಾರತವನ್ನು ತಾವೇ ಓದಿ ಮುದ್ರಿಸಲಿಕ್ಕೆ. ಹತ್ತು ಪರ್ವ. ಆದಿಪರ್ವ ನಡೆಯುತ್ತಿದೆ, ಬಹಳ ಕಾಲದಿಂದ.

ತಡ ಆಗುವುದು ಮೌನದಿಂದ. ಆಡಾಸಿಟಿಯಲ್ಲಿ ಗದ್ದಲ ಕಳೆಯುವ ಸೌಲಭ್ಯವೊಂದಿದೆ. ಯಾರೂ ಮಾತಾಡದ ಒಂದೆರಡು ಸೆಕೆಂಡಿನ ತುಣುಕನ್ನು ಆಯ್ದು ತೋರಿಸಿ 'ಇದು ನಮ್ಮ ಕೋಣೆಯ ಗದ್ದಲ' ಎಂದು ಪರಿಚಯಿಸಿದರೆ, ಅಂಥ ಸದ್ದನ್ನು ಇಡೀ ಓದಿನುದ್ದಕ್ಕೂ ಹುಡುಕಿ ತಗ್ಗಿಸುತ್ತದೆ. ಬೇಕಾದದ್ದು ಎರಡೇ ಸೆಕೆಂಡು. ನಮ್ಮ ಬೀದಿಯಲ್ಲಿ ಆ ಎರಡು ಸೆಕೆಂಡು ಸಿಗಬೇಕಲ್ಲ! ಈರುಳ್ಳಿ ಗಾಡಿಯ ಧ್ವನಿವರ್ಧಕ ಹೋಯಿತು ಅನ್ನುವಷ್ಟರಲ್ಲಿ ಕಸದ ಗಾಡಿ, ಅದು ತಿರುವು ದಾಟಿದರೆ ಪಕ್ಕದ ಮನೆಯ ನೀರಿನ ಮೋಟರು. ಒಮ್ಮೆ ನಾನು ಹೋದಾಗ ಭಾವ ಅಂಗೈ ಎತ್ತಿ "ಶ್ಶ್" ಅಂದರು. ಬಾಯಲ್ಲಿದ್ದ ಕಾಫಿಯನ್ನು ಹಾಗೇ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು ತಾನೇ ಹಿಡಿಯಲಿ? ನುಂಗಿದೆ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಇದು ನೀನು" ಎಂದರು. ನೆಟ್ಟಗಿದ್ದ ನೀಲಿ ಗೆರೆಯ ನಡುವೆ ಒಂದು ಗುಬುಟು. ಐವತ್ತು ದಾಟಿದ ನನ್ನ ಬಾಳಿನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಇನ್ನಾರೂ ಹೇಳಿಲ್ಲ.

ಫ್ರಿಜ್ಜಿನ ಕತೆ ಇನ್ನೂ ದೊಡ್ಡದು. ಅದರ ಗುಂಯ್ ಎಂಬ ಸದ್ದು ಕುಮಾರವ್ಯಾಸನಿಗೆ ಹೊಂದುವುದಿಲ್ಲವೆಂದು ಭಾವ ಅದನ್ನು ಆರಿಸಿ ಓದುತ್ತಿದ್ದರು. ಮತ್ತೆ ಹಾಕಲು ಮರೆಯುತ್ತಿದ್ದರು. ಸಿನಿಮಾದ ಧ್ವನಿಗ್ರಾಹಕರು ಚಿತ್ರೀಕರಣದ ಮನೆಯಲ್ಲಿ ಫ್ರಿಜ್ ಆರಿಸುವಾಗ ತಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡುತ್ತಾರಂತೆ, ಮನೆಗೆ ಹೊರಟಾಗ ಕೀಲಿಗೆಂದು ಬಾಗಿಲು ತೆಗೆದರೆ ಸ್ವಿಚ್ಚಿನ ನೆನಪಾಗಲೆಂದು. ಇದನ್ನು ಎಲ್ಲೋ ತಿಳಿದುಕೊಂಡು ಬಂದ ಭಾವ, ಸ್ಕೂಟರಿನ ಕೀಲಿಯನ್ನು ಮೊಸರಿನ ಪಾತ್ರೆಯ ಮುಚ್ಚಳದ ಮೇಲಿಟ್ಟರು. ಉಪಾಯ ಒಳ್ಳೆಯದೇ. ಆದರೆ ಸಿನಿಮಾದವರು ಸಂಜೆ ಮನೆಗೆ ಹೊರಡುತ್ತಾರೆ, ಭಾವ ಮನೆಯಲ್ಲೇ ಇರುತ್ತಾರೆ. ಸಂಜೆ ಮಳೆ ಹಿಡಿಯಿತು, ಸ್ಕೂಟರು ತೆಗೆಯಲೇ ಇಲ್ಲ. ಬೆಳಗ್ಗೆ ಐಸು ಕರಗಿ ನೀರು ಹಜಾರಕ್ಕೆ ಬಂದಿತ್ತು. ದೋಸೆ ಹಿಟ್ಟು ಉಕ್ಕಿ ಕೀಲಿಯನ್ನು ಮುಳುಗಿಸಿತ್ತು. ಅಕ್ಕ ತುಪ್ಪಕ್ಕೆಂದು ದಿನದಿನವೂ ಎತ್ತಿಟ್ಟ ಕೆನೆ ಹುಳಿದು ಹೋಗಿತ್ತು. "ರೀ, ನಿಮ್ಮ ಬಿಟ್ಟಿ ಸಾಫ್ಟ್‌ವೇರಿಗೆ ಒಂದು ಸೇರು ತುಪ್ಪ ಕೊಟ್ಟ ಹಾಗಾಯ್ತು" ಎಂದಳು. ಭಾವ ಅದಕ್ಕೂ ಡೆಸಿಬಲ್ ಲೆಕ್ಕ ಹೇಳಿದರು.

ಈಗ ಬೀರುವಿನ ಬಾಗಿಲು ತೆರೆದು, ಅಕ್ಕನ ರೇಷ್ಮೆ ಸೀರೆಗಳ ನಡುವೆ ತಲೆ ತೂರಿಸಿ ಓದುತ್ತಾರೆ. ಬಟ್ಟೆ ಪ್ರತಿಧ್ವನಿಯನ್ನು ಹೀರುತ್ತದೆ, ಅದು ನಿಜ. ನುಸಿಗುಳಿಗೆಗೆ ಸೀನು ಬರುತ್ತದೆ, ಅದೂ ನಿಜ.

ಬೈದು ಬೈದು ಸಾಕಾದಾಗ ಒಂದು ದಿನ, "ಭಾವ, ರೇಡಿಯೋದವರು ಇಲ್ಲವೇ? ಮನೆಯಲ್ಲಿ ಯಾತಕ್ಕೆ ಈ ಪಾಡು?" ಅಂದೆ. ಭಾವ ಎದೆ ಸೆಟೆಸಿದರು. ಮನಶ್ಶಾಸ್ತ್ರದ ಪ್ರೊಫೆಸರು ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಇದೇ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಿಂದಲೇ ಬಾನುಲಿ ಕೇಂದ್ರ ನಡೆಸಿದ್ದು, ಅದಕ್ಕೆ ಆಕಾಶವಾಣಿ ಎಂದು ಹೆಸರಾದದ್ದು, ಆ ಹೆಸರು ಮುಂದೆ ಇಡೀ ದೇಶದ ರೇಡಿಯೋಗೇ ಬಂದದ್ದು, ಎಲ್ಲ ಹೇಳಿದರು. "ಮನೆಯಿಂದಲೇ ಶುರುವಾದದ್ದು ಕಣಯ್ಯ." ಅವರ ಫ್ರಿಜ್ಜು ಏನು ಮಾಡುತ್ತಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅಕ್ಕ ಒಳಗಿನಿಂದ, "ಇವರಿಗೆ ಉದ್ಘೋಷಕ ಆಗಬೇಕು ಅಂತಿತ್ತು, ಮಾವನವರು ಬ್ಯಾಂಕಿಗೆ ಹಾಕಿದರು" ಅಂದಳು. ಭಾವನ ದನಿ ಅಷ್ಟು ಗಂಭೀರ, ಅಷ್ಟು ತುಂಬು. ಅದು ಕೌಂಟರಿನ ಸರಳುಗಳ ಹಿಂದಿನಿಂದ ವರ್ಷಾನುಗಟ್ಟಲೆ ಕೂಗಿದ್ದು "ಟೋಕನ್ ನಂಬರ್ ನಲವತ್ತೇಳು" ಎಂದು. ಕೂಗಿಸಿಕೊಂಡವರು ಹಣ ಎಣಿಸಿಕೊಂಡು ಹೋದರು, ದನಿಯನ್ನು ಯಾರು ಗಮನಿಸಿಯಾರು? ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಹೀಗೆ ಬೇರೆ ಕೆಲಸಕ್ಕೆ ಸವೆದ ಒಂದು ಕಂಠ ಇದ್ದೀತು. ಈಗ ಯಾರನ್ನೂ ಕಾಡದೆ, ಬೇಡದೆ, ಕೆಂಪು ಗುಂಡಿ ಒತ್ತಿದರೆ ಕೇಳಿಸಿಕೊಳ್ಳುವ ಯಂತ್ರ ಸಿಕ್ಕಿದೆ. ಓದಲಿ ಬಿಡಿ.

ಬರೀ ಓದಿದರೆ ಸರಿ, ಕಳಿಸುತ್ತಾರಲ್ಲ! ಮೊದಲು ವೇವ್ ಫೈಲು, ಸ್ಟೀರಿಯೋದಲ್ಲಿ, ನಿಮಿಷಕ್ಕೆ ಸುಮಾರು 10 ಎಂಬಿ. ನನ್ನ ಫೋನು ಉಸಿರುಗಟ್ಟಿತು. ಎಂಪಿ3 ಮಾಡಿ ಕಳಿಸಿ, ನಿಮಿಷಕ್ಕೆ 1 ಎಂಬಿಯಲ್ಲಿ ಮುಗಿಯುತ್ತದೆ ಎಂದು ಗೋಗರೆದ ಮೇಲೆ ಈಗ ಹತ್ತು ಪಟ್ಟು ಹೆಚ್ಚು ಫೈಲು ಬರುತ್ತಿವೆ.

ಇಂಥವರು ನಿಮ್ಮ ಮನೆಯಲ್ಲೂ ಇದ್ದರೆ, ಕಳಿಸಿದ್ದನ್ನು ಕೊನೆಯವರೆಗೆ ಕೇಳಿ. 'ಚೆನ್ನಾಗಿದೆ' ಅಂದರೆ ನಂಬುವುದಿಲ್ಲ. 'ಎಂಟನೇ ನಿಮಿಷದಲ್ಲಿ ಒಂದು ಕಾಗೆ ಕೂಗಿತು' ಎನ್ನಿ, ಕೇಳಿದ್ದೀರೆಂದು ಖಾತ್ರಿಯಾಗಿ ಮುಖ ಅರಳುತ್ತದೆ. ಆದರೆ ಹಾಗೆ ಹೇಳುವ ಮುಂಚೆ ಸ್ವಲ್ಪ ಯೋಚಿಸಿ. ಎಂಟನೇ ನಿಮಿಷವನ್ನು ಅವರು ಮತ್ತೆ ರೆಕಾರ್ಡ್ ಮಾಡುತ್ತಾರೆ.