ನಿದ್ದೆಗೂ ಒಂದು ಮುಹೂರ್ತವಿರಲಿ

ಕವಲಂದೆ ಸೀಮೆಯಲ್ಲಿ ಮದುಮಗನ ಕಣ್ಣು ಕೆಂಪಾಗಿರದಿದ್ದರೆ ಮದುವೆಗೆ ಕಳೆಯೇ ಇಲ್ಲ. ಚಪ್ಪರ, ಅರಿಶಿನ, ವರಪೂಜೆ, ನಡುರಾತ್ರಿವರೆಗೆ ‘ಗದ್ದ ಸ್ವಲ್ಪ ಮೇಲೆತ್ತಿ ಸಾರ್’ ಎನ್ನುವ ಫೋಟೊದವನು, ಕೋಳಿ ಕೂಗುವ ಮೊದಲೇ ತಲೆಗೆ ಎಣ್ಣೆ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯವಿದ್ದವನ ಮಟ್ಟಕ್ಕಿಳಿಯುತ್ತದೆಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ವಾಹನ ಓಡಿಸಲು ನಮ್ಮ ಕಾನೂನಿನ ಮಿತಿ ಶೇ. 0.03. ಅಂದರೆ ನಂಜನಗೂಡಿಗೆ ಸ್ಕೂಟರ್ ಓಡಿಸಲು ನಾಲಾಯಕ್ಕಾದವನು ತಾಳಿ ಕಟ್ಟಲು ಮಾತ್ರ ಲಾಯಕ್ಕು!

‘ಶಾಸ್ತ್ರ ಬಿಡೋಕಾಗುತ್ತಾ?’ ಎನ್ನುತ್ತಾರೆ ಸೋದರಮಾವ. ಬೇಡ ಸ್ವಾಮಿ, ಆದರೆ ಡಿಜೆ, ಡ್ರೋನು ಯಾವ ಶಾಸ್ತ್ರದಲ್ಲಿವೆ? ‘ಒಂದು ರಾತ್ರಿ ತಾನೆ?’ ಒಂದಲ್ಲ, ಲಗ್ನಪತ್ರಿಕೆ ಹಂಚಲು ಹೊರಟ ದಿನದಿಂದಲೇ ನಿದ್ದೆಯ ಸಾಲ ಬೆಳೆದಿರುತ್ತದೆ. ‘ಹಾಗಾದರೆ ಮದುವೆ ಕಳೆಗಟ್ಟುವುದು ಹೇಗೆ?’ 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಸರಳವಾಗಿ ಮುಗಿಸಿದರು, ಕಳೆಗೇನೂ ಕೊರತೆಯಾಗಲಿಲ್ಲ. ‘ಬೇಗ ಮಲಗಿದರೆ ನೆಂಟರು ಏನಂದಾರು?’ ರಾತ್ರಿಯಿಡೀ ಎಚ್ಚರವಿದ್ದರೂ ಅವರು ‘ಎಲೆಗೆ ರಸಬಾಳೆ ಹಾಕಲಿಲ್ಲ’ ಎಂದೇ ಅನ್ನುತ್ತಾರೆ. ಆದ್ದರಿಂದ ಪತ್ರಿಕೆಯಲ್ಲೇ ಅಚ್ಚಾಗಲಿ: ‘ರಾತ್ರಿ 9ಕ್ಕೆ ವಧೂವರರ ನಿದ್ರಾಶಾಸ್ತ್ರ, ಬಂಧುಮಿತ್ರರು ದೂರದಿಂದಲೇ ಹರಸುವುದು.’