ಯೀಸ್ಟ್ ಅವರ ಅರ್ಜಿಗೆ ಅಡುಗೆಮನೆಯ ಹಿಂಬರಹ

ಮಾನ್ಯ ಯೀಸ್ಟ್ ಅವರೇ,

ವಿಷಯ: ಪ್ರೋಟೀನ್ ಹುದ್ದೆಗೆ ತಾವು ಮತ್ತೊಮ್ಮೆ ಸಲ್ಲಿಸಿರುವ ಅರ್ಜಿ.

ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಒಣಗಿಸಿ ತೂಗಿದರೆ ತಮ್ಮ ಮೈಯಲ್ಲಿ ಹೆಚ್ಚುಕಮ್ಮಿ ಅರ್ಧ ಪ್ರೋಟೀನೇ. ಒಂದಿಷ್ಟು ಕಾಕಂಬಿ, ಚೂರು ಅಮೋನಿಯ, ಬೇಕಾದಷ್ಟು ಗಾಳಿ ಕೊಟ್ಟರೆ ಎರಡು-ಮೂರು ತಾಸಿಗೊಮ್ಮೆ ಸಂಸಾರ ಇಮ್ಮಡಿ. ಹೊಲ ಬೇಡ, ಕೊಟ್ಟಿಗೆ ಬೇಡ, ಮಳೆಗಾಗಿ ಕಪ್ಪೆ ಮದುವೆಯೂ ಬೇಡ. ಇಷ್ಟೆಲ್ಲ ಅರ್ಹತೆ ಇದ್ದವರನ್ನು ನಾವು ಸಾಮಾನ್ಯವಾಗಿ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಸೇವಾನುಭವದ ಕಾಲಂ ನೋಡಿದೆವು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಕಾಕಂಬಿ ಉಂಡಿರಿ. ಎರಡನೆಯದರಲ್ಲಿ ಕಾಗದದ ಕಾರ್ಖಾನೆಯ ಕೊಳೆನೀರು ಕುಡಿದು ಅವರ ಸೂಪು, ಸಾಸೇಜುಗಳಿಗೆ ಇಳಿದಿರಿ. ಯುದ್ಧ ಮುಗಿಯಿತು, ತಟ್ಟೆಗೆ ಮಾಂಸ ಮರಳಿತು, ತಾವು ಮನೆಗೆ ಮರಳಿದಿರಿ. ದಿನಗೂಲಿಯವರಿಗೆ ಪಿಂಚಣಿ ಇಲ್ಲ.

ಆಮೇಲಿನದು ಇನ್ನೂ ಸ್ವಾರಸ್ಯ. 1960ರ ದಶಕದಲ್ಲಿ ಫ್ರಾನ್ಸಿನ ಲಾವೆರಾದಲ್ಲಿ, ಬ್ರಿಟಿಷ್ ಪೆಟ್ರೋಲಿಯಂನ ಆಲ್ಫ್ರೆಡ್ ಶಾಂಪಾನ್ಯಾ ಎಂಬವರು ತಮಗೆ ಕಚ್ಚಾ ತೈಲದ ಮೇಣ ಬಡಿಸಿದರು. ಅದನ್ನೂ ತಿಂದಿರಿ! ಕೋಳಿ, ಹಂದಿಗಳ ಮೇವಾದಿರಿ. ಸಾರ್ಡೀನಿಯ ದ್ವೀಪದ ಸರ್ರೋಕ್‌ನಲ್ಲಿ ವರ್ಷಕ್ಕೆ 1 ಲಕ್ಷ ಟನ್ನಿನ ಕಾರ್ಖಾನೆಯೇ ಎದ್ದಿತು. ಈ ನಡುವೆ 1973 ಬಂದು ತೈಲದ ಬೆಲೆ ನಾಲ್ಕು ಪಟ್ಟಾಯಿತು. ಸಾಲದೆಂಬಂತೆ, ತಮ್ಮ ಮೈಯಲ್ಲಿ ಮೇಣದ ಶೇಷ ಉಳಿಯುತ್ತದೆಂದು ಇಟಲಿಯವರು ತಕರಾರು ತೆಗೆದು ಅನುಮತಿ ತಡೆದರು. ಕಾರ್ಖಾನೆಗೆ ಬೀಗ ಬಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ನಮ್ಮೂರಲ್ಲಿ ಮಾತ್ರ ಇದ್ದಾರೆಂದುಕೊಂಡಿದ್ದೆವು.

ಮುಂಬಯಿಯ ಶಿಫಾರಸು ಪತ್ರವನ್ನೂ ಲಗತ್ತಿಸಿದ್ದೀರಿ. ಅಲ್ಲಿನ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆ, ಯೀಸ್ಟಿನ ಸಾರವಾದ ಮಾರ್ಮೈಟ್‌ನಿಂದ ವಾಸಿಯಾಗುವುದನ್ನು ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಆ ಗುಣ ಫೋಲಿಕ್ ಆಮ್ಲದ್ದು, ಪ್ರೋಟೀನಿನದಲ್ಲ. ಕಡತ ಔಷಧ ವಿಭಾಗಕ್ಕೆ ವರ್ಗವಾಗಿದೆ.

ಇನ್ನು ನ್ಯೂನತೆಗಳು. ತಮ್ಮಲ್ಲಿ ಆರ್‌ಎನ್‌ಎ ವಿಪರೀತ; ಹೆಚ್ಚು ತಿಂದರೆ ಯೂರಿಕ್ ಆಮ್ಲ ಏರಿ ಹೆಬ್ಬೆರಳ ಕೀಲು ಹಿಡಿದೀತು. ಹದವಾಗಿ ಬಿಸಿ ಮುಟ್ಟಿಸಿದರೆ ತಮ್ಮದೇ ಕಿಣ್ವ ಅದನ್ನು ಕರಗಿಸುತ್ತದೆ ಎಂಬ ವಿವರಣೆಯನ್ನು ದಾಖಲಿಸಿಕೊಂಡಿದ್ದೇವೆ. ಅಸಲು ತೊಡಕು ಬೇರೆ. ತಮ್ಮಲ್ಲಿ ಲೈಸಿನ್ ಧಾರಾಳ, ಮಿಥಿಯೊನಿನ್ ಕೊರತೆ, ಅನ್ನದ್ದು ತದ್ವಿರುದ್ಧ. ಜಾತಕವೇನೋ ಕೂಡುತ್ತದೆ. ಆದರೆ ಇದೇ ಜಾತಕ ಹಿಡಿದು ಬಂದ ತೊಗರಿಬೇಳೆ ಆ ಹುದ್ದೆಯಲ್ಲಿ ಎಂದೋ ಖಾಯಮಾಗಿದೆ, ಒಗ್ಗರಣೆಯ ಬಲವೂ ಅದಕ್ಕಿದೆ.

ಈಚೆಗೆ ಸೋಯಾ ಬೇರಿನ ಜೀನ್ ಹೊತ್ತು, ಅಮೆರಿಕದ ಇಂಪಾಸಿಬಲ್ ಬರ್ಗರ್‌ಗೆ ನೆತ್ತರಿನ ಬಣ್ಣದ ಪ್ರೋಟೀನ್ ಮಾಡಿಕೊಡುತ್ತಿದ್ದೀರಂತೆ. ಬೇನಾಮಿ ದುಡಿಮೆಗೆ ನಮ್ಮ ಆಕ್ಷೇಪವಿಲ್ಲ. ಹೆಸರು ಹೇಳದೆ ಒಳಬಂದವರನ್ನು ನಾವು ಯಾವಾಗಲೂ ಚಪ್ಪರಿಸಿ ತಿಂದಿದ್ದೇವೆ.

ಬ್ರೆಡ್ಡಿನ ಕೆಲಸ ಎಂದಿನಂತೆ ಮುಂದುವರಿಸತಕ್ಕದ್ದು. ವಿಳಾಸ ಬದಲಾದರೆ ತಿಳಿಸಿ. ಯುದ್ಧವೋ ಬರವೋ ಬಂದಾಗ ಹೇಳಿಕಳಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಅಡುಗೆಮನೆಯ ಪರವಾಗಿ